ಹೆಡ್ಮಾಸ್ಟರ ಫೋಟೋದ ಕೆಳಗೆ ಬಂದ ಎಚ್ಚರಿಕೆ

ಒಳ್ಳೆಯ ಮಾತೇ ಆದರೂ ಯಾರಾದರೂ ಎರಡನೇ ಸಲ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮೂರನೇ ಸಲ ಹೇಳಿದರೆ ಅದಕ್ಕೆ ತದ್ವಿರುದ್ಧವಾಗಿ ಮಾಡಬೇಕೆನ್ನಿಸುತ್ತದೆ. ಇಂಥ ಸ್ವಭಾವದವಳು ಇಷ್ಟು ವರ್ಷ ಮಕ್ಕಳಿಗೆ ಒಂದೇ ಲೋಪಸಂಧಿಯನ್ನು ನೂರಾರು ಸಲ ಹೇಳಿಕೊಟ್ಟಿದ್ದೇನೆ ಎಂಬುದು ಬೇರೆ ಮಾತು. ನಾನು ಕೊಳ್ಳೇಗಾಲದಿಂದ ದಿನವೂ ಬಸ್ಸಿನಲ್ಲಿ ಯಳಂದೂರಿನ ಕಡೆಯ ಒಂದು ಹೈಸ್ಕೂಲಿಗೆ ಹೋಗಿಬರುವ ಕನ್ನಡ ಟೀಚರು. ಬ್ಯಾಗಿನಲ್ಲಿ ಲ್ಯಾಪ್‌ಟಾಪಿನ ಮೌಸಿನ ತಂತಿ ಊಟದ ಡಬ್ಬಿಗೆ ಸುತ್ತಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ ನಮ್ಮ ಯಜಮಾನರು ತಂತಿಯಿಲ್ಲದ ಮೌಸ್ ತಂದುಕೊಟ್ಟರು. ಜೊತೆಗೆ, ಪದೇ ಪದೇ ಸೆಲ್ ಕೊಳ್ಳುವುದು ದಂಡವೆಂದು, ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ಸೆಲ್ಲುಗಳನ್ನೂ ತಂದರು.

ತಾಪತ್ರಯ ಶುರುವಾದದ್ದು ಅಲ್ಲಿಂದ. ಆಗ ತಾನೇ ಚಾರ್ಜ್ ಮಾಡಿ ಹಾಕಿದ್ದರೂ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಟಣ್ ಎಂದು ಒಂದು ಚೌಕ ಏಳುವುದು: "ಬ್ಯಾಟರಿ ತೀರಾ ಕಡಿಮೆಯಾಗಿದೆ. ಶೀಘ್ರದಲ್ಲೇ ಬದಲಾಯಿಸಿ." ಬದಲಾಯಿಸುತ್ತಿದ್ದೆ. ಮತ್ತೆ ಟಣ್. ಯಜಮಾನರಿಗೆ ದೂರಿದರೆ, "ಅದು ಅಂಗೇ ಏಳ್ತದೆ, ನೀ ಸುಮ್ಕಿರು. ಮೌಸ್ ಓಡ್ತಾ ಅದೆ ತಾನೆ?" ಎಂದರು. ಓಡುತ್ತಿತ್ತು. ಹಾಗಾಗಿ ಚೌಕ ಬಂದಾಗಲೆಲ್ಲ ನೊಣ ಓಡಿಸಿದಂತೆ ಓಡಿಸುವುದೇ ನನಗೆ ರೂಢಿಯಾಯಿತು. ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕನ್ನಡ ಟೀಚರೆಂಬ ಹೆಮ್ಮೆಗೆ ಲ್ಯಾಪ್‌ಟಾಪಿನ ಭಾಷೆಯನ್ನೂ ಕನ್ನಡಕ್ಕೆ ತಿರುಗಿಸಿದ್ದೆ. ಇಂಗ್ಲಿಷಿನಲ್ಲೇ ಬಿಟ್ಟಿದ್ದರೆ ಅಂದು ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು.

ಅಂದು ನಮ್ಮ ಹೆಡ್ಮಾಸ್ಟರ ನಿವೃತ್ತಿಯ ಬೀಳ್ಕೊಡುಗೆ. ಮಧುವನಹಳ್ಳಿಯವರು, ಗಣಿತದ ಮೇಷ್ಟ್ರಾಗಿ ಬಂದು ನಮ್ಮಲ್ಲೇ ಹೆಡ್ಮಾಸ್ಟರಾದವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತನೇ ತರಗತಿಯ ಗಲಾಟೆ ತಡೆಯಲಾರದೆ ಅಳುತ್ತ ಹೊರಗೆ ಬಂದಿದ್ದೆ. ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಕೊನೆಯ ಬೆಂಚಿನಲ್ಲಿ ಹುಡುಗರ ನಡುವೆ ಕೈಕಟ್ಟಿಕೊಂಡು ಕೂತು, ನನ್ನ ಪಾಠವನ್ನು ಪೂರ್ತಿ ಕೇಳಿದರು. ಒಂದು ವಾರ ಹಾಗೆ ಬಂದು ಕೂತರು. ಆಮೇಲೆ ಆ ತರಗತಿ ನನ್ನದಾಯಿತು. ಅಂಥವರು ಹಿಂದಿನ ವರ್ಷ ಎದೆನೋವು ಬಂದು ಆಸ್ಪತ್ರೆ ಸೇರಿ ಬಂದಿದ್ದರು. ಬೀಳ್ಕೊಡುಗೆಯಲ್ಲಿ ಮಾತಾಡುವುದಿಲ್ಲ, ಗಂಟಲು ಕಟ್ಟುತ್ತದೆ ಎಂದು ಮೊದಲೇ ಹೇಳಿದ್ದರು. ಅದಕ್ಕೇ ನಾನು ಅವರ ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ನನ್ನ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ತೋರಿಸುವ ಜವಾಬ್ದಾರಿ ಹೊತ್ತಿದ್ದೆ.

ಕೊನೆಯ ಫೋಟೋ ಬಂತು. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹೆಡ್ಮಾಸ್ಟರು, ಗೋಡೆಯ ತುಂಬ. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಆಗ ಸ್ಪೀಕರಿನಲ್ಲಿ ಟಣ್ ಎಂದಿತು. ಬಲಗಡೆ ಕೆಳಮೂಲೆಯಲ್ಲಿ, ಅವರ ಪಾದದ ಬಳಿ, ಗುಂಡುಗುಂಡಾದ ಕನ್ನಡದಲ್ಲಿ ಮೂಡಿತು: "ಬ್ಯಾಟರಿ ತೀರಾ ಕಡಿಮೆಯಾಗಿದೆ. ಶೀಘ್ರದಲ್ಲೇ ಬದಲಾಯಿಸಿ." ಓಡಿಸಲು ಹೋದರೆ ಮೌಸಿನ ಬಾಣ ಅಲ್ಲಾಡಲಿಲ್ಲ. ಅಷ್ಟು ದಿನ ಸುಳ್ಳು ಹೇಳಿದ್ದ ಯಂತ್ರ ಅಂದು ನಿಜ ಹೇಳಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮುಂದಿನ ಸಾಲಿನಲ್ಲಿದ್ದ ಹೆಡ್ಮಾಸ್ಟರ ಹೆಂಡತಿ ಗಂಡನ ಕಡೆ ತಿರುಗಿ, "ಒಸಿ ಸುದಾರಿಸ್ಕಳಿ ಅಂತ ನಾ ಏಳುದ್ರೆ ಕೇಳ್ನಿಲ್ಲ. ಈಗ ಕಂಪ್ಯೂಟ್ರೇ ಏಳ್ತಾ ಅದೆ, ನೋಡ್ಕಳಿ!" ಎಂದರು.

ಮೊದಲು ನಕ್ಕವರು ಹೆಡ್ಮಾಸ್ಟರೇ. ಆಮೇಲೆ ಸಭೆಯೆಲ್ಲ ನಕ್ಕಿತು. ಶಾಲೆಯಲ್ಲಿ ಸದಾ ಪುಸ್ತಕದ ಕನ್ನಡ ಆಡುತ್ತಿದ್ದ ಅವರು ಎದ್ದು ನನ್ನ ಮೇಜಿನ ಬಳಿ ಬಂದು ಊರ ಮಾತಿಗೆ ಇಳಿದರು. "ಯಾಕ್ ಮೇಡಂ, ಮೊಕ ಇಷ್ಟ್ ಸಣ್ಣುಕ್ ಮಾಡ್ಕಂಡಿದ್ದೀರಿ? ಕೊಡಿ ಇಲ್ಲಿ." ಮೌಸಿನ ಹೊಟ್ಟೆ ತೆರೆದು ಸೆಲ್ಲುಗಳನ್ನು ತೆಗೆದರು. ಅಂಗಿಯ ಚುಂಗಿಗೆ ಉಜ್ಜಿ, ಬಿಸಿಲು ಬಿದ್ದಿದ್ದ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

ನನಗೆ ಥಟ್ಟನೆ ಕೌದಳ್ಳಿಯ ನಮ್ಮಪ್ಪನ ಟೈಲರ್ ಅಂಗಡಿ ಕಣ್ಣಿಗೆ ಬಂತು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಅಪ್ಪನ ರೇಡಿಯೊ ಇರುತ್ತಿತ್ತು. ಅದು ಟಣ್ ಎನ್ನುತ್ತಿರಲಿಲ್ಲ. ಹಾಡುವವರ ದನಿ ಸಣ್ಣಗಾಗುತ್ತ, ದೂರ ಹೋಗುತ್ತ, ಕೊನೆಗೆ ಸೊಳ್ಳೆಯಷ್ಟಾಗುತ್ತಿತ್ತು. "ಮಗಾ, ಸೆಲ್ ಬಿಸ್ಲಿಗ್ ಇಡು. ಒಸಿ ಜೀವ ಬತ್ತದೆ. ಕೋಳಿ ಉಳ್ಳುಸ್ಬುಟ್ಟಾವು, ನೋಡ್ಕ" ಎನ್ನುತ್ತಿದ್ದ ಅಪ್ಪ. ನಾನು ಜಗುಲಿಯ ಮೇಲೆ ಕೂತು, ಕೋಳಿಗಳು ಸೆಲ್ ಉರುಳಿಸದಂತೆ ಕಾಯುತ್ತಿದ್ದೆ. ಕಾದ ಸೆಲ್ ಹಾಕಿದರೆ ಸಂಜೆಯ ವಾರ್ತೆಗಾಗುವಷ್ಟು ದನಿ ಬರುತ್ತಿತ್ತು. ಅಪ್ಪ ನನ್ನ ತಲೆ ಸವರುತ್ತಿದ್ದ, ಜೀವ ತಂದವಳು ನಾನೇ ಎಂಬಂತೆ.

"ಇವು ಕಾಯೋಗಂಟ ನಾ ಒಸಿ ಮಾತಾಡ್ತೀನಿ" ಎಂದು ಹೆಡ್ಮಾಸ್ಟರು ಮೈಕು ಹಿಡಿದರು. ಮಾತಾಡುವುದೇ ಇಲ್ಲವೆಂದಿದ್ದವರು ಕಿಟಕಿಯಿಂದ ಬಿಸಿಲು ಸರಿಯುವವರೆಗೂ ಮಾತಾಡಿದರು, ನಗಿಸಿದರು. ಎರಡು ಕಡೆ ಗಂಟಲು ಕಟ್ಟಿತು, ನಿಲ್ಲಿಸಲಿಲ್ಲ. ಸೆಲ್ಲಿಗೆ ಜೀವ ಬರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನ ವಿಜ್ಞಾನದ ಟೀಚರು, ಚಾರ್ಜ್ ಮಾಡುವ ಸೆಲ್ಲಿನ ಕಸುವು ಮಾಮೂಲಿ ಸೆಲ್ಲಿಗಿಂತ ಒಂದಿಷ್ಟು ಕಡಿಮೆಯಂತೆ, ಅದಕ್ಕೇ ಮೌಸ್ ಯಾವಾಗಲೂ ಗಾಬರಿಯಾಗುವುದಂತೆ ಎಂದು ತಿಳಿಸಿ, ಸೆಟ್ಟಿಂಗಿಗೆ ಹೋಗಿ ಆ ಒಂದು ಎಚ್ಚರಿಕೆಯನ್ನು ಮಾತ್ರ ನಿಲ್ಲಿಸಿಕೊಟ್ಟರು. ಈಗ ಸೋಮವಾರಕ್ಕೊಮ್ಮೆ ನಾನೇ ನೆನಪಿಟ್ಟು ಸೆಲ್ ಬದಲಾಯಿಸುತ್ತೇನೆ. ಪರದೆ ತಣ್ಣಗಿದೆ. ಆದರೂ ಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ನಾನು ಯಾರಿಗೂ ಗೊತ್ತಾಗದಂತೆ ಫೋಟೋದ ಎಡತುದಿಗೆ ಸರಿದು ನಿಲ್ಲುತ್ತೇನೆ. ನನ್ನ ನಿವೃತ್ತಿಗೂ ಯಾರೋ ಒಬ್ಬರು ಲ್ಯಾಪ್‌ಟಾಪ್ ತರುತ್ತಾರಲ್ಲ. ಬಲಗಡೆ ಕೆಳಮೂಲೆಯಲ್ಲಿ ನಾನಿರುವುದು ಬೇಡ.