ಮದಿಯಾರ್ ಕಚ್ಚಿಟ್ಟ ರೊಟ್ಟಿಯ ಸಂರಕ್ಷಣೆ

ಕಿಝಿಲ್‌ಕುಮ್ ಮರಳುಗಾಡಿನ ಅಂಚಿನಲ್ಲಿರುವ ಬೋಜ್ ಕೋಟೆಯನ್ನು ಕಟ್ಟಿಸಿದವರು ನಮ್ಮ ವಂಶದವರು. ಸುಳ್ಳು. ನಮ್ಮಜ್ಜ ಅದರ ಇಟ್ಟಿಗೆ ಕದ್ದು ಕುರಿಹಟ್ಟಿ ಕಟ್ಟಿದ, ಅಷ್ಟೇ. ಆದರೆ ಪ್ರವಾಸಿಗರನ್ನು ಜೀಪಿನಲ್ಲಿ ಅಲ್ಲಿಗೆ ಕರೆದೊಯ್ಯುವವನು ನಾನೇ. ಇದು ನಿಜ, ಜೀಪು ಭಾವಮೈದುನನದಾದರೂ.

ಕೋಟೆಯೆಂದರೆ ಮಣ್ಣಿನ ಗೋಡೆ. ಬಂದವರು ಹತ್ತುತ್ತಾರೆ, ಇಳಿಯುತ್ತಾರೆ, ಬೂಟಿನ ಮರಳು ಕೊಡವಿ "ಇನ್ನೇನಿದೆ?" ಎನ್ನುತ್ತಾರೆ. ಇನ್ನೇನೂ ಇರಲಿಲ್ಲವಾದ್ದರಿಂದ ಅವರನ್ನು ಕೋಟೆಯ ಕೆಳಗಿದ್ದ ಉಲ್ಬೋಸಿನ್ ಅಕ್ಕನ ಮನೆಗೆ ಚಹಾಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಗೋಡೆಯ ಮೊಳೆಗೆ ಒಂದು ರೊಟ್ಟಿ ನೇತಾಡುತ್ತಿತ್ತು. ಅವಳ ಮಗ ಮದಿಯಾರ್ ಸೈನ್ಯಕ್ಕೆ ಹೊರಟ ದಿನ ಅದರ ಅಂಚಿನಲ್ಲಿ ಒಂದು ತುತ್ತು ಕಚ್ಚಿ ಹೋಗಿದ್ದ. ನಮ್ಮಲ್ಲಿ ಹಾಗೆಯೇ. ದೂರ ಹೋಗುವವನು ಕಚ್ಚಿ ಹೋಗಬೇಕು, ಬಂದು ಉಳಿದದ್ದನ್ನು ತಿಂದು ಮುಗಿಸಬೇಕು. ಮುಗಿಸುವ ತನಕ ಅವನು ಬಂದಂತಲ್ಲ, ಮದುವೆಯ ಮಾತನ್ನೂ ಎತ್ತುವಂತಿಲ್ಲ.

ಒಮ್ಮೆ ಒಬ್ಬ ಪ್ರವಾಸಿ ಹೆಂಗಸು ರೊಟ್ಟಿಯ ಕಥೆ ಕೇಳಿ ಬಿಕ್ಕಿಬಿಕ್ಕಿ ಅತ್ತಳು. ಕೋಟೆ ನೋಡಿ ಯಾರೂ ಅತ್ತಿದ್ದಿಲ್ಲ. ಸುದ್ದಿ ಪರಂಪರೆ ಕಚೇರಿಯ ನಿರ್ದೇಶಕ ಸಪರ್‌ನಿಯಾಜ್ ಸಾಹೇಬರಿಗೆ ಮುಟ್ಟಿತು. ವಾರದೊಳಗೆ ರೊಟ್ಟಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬಾಗಿಲಿಗೆ ಪ್ರಕಟಣೆ ಬಂದವು:

"ಈ ರೊಟ್ಟಿಯು ಸಂರಕ್ಷಿತ ಸ್ಮಾರಕವಾಗಿರುತ್ತದೆ. ಇದನ್ನು ಮುಟ್ಟುವುದು, ಮುರಿಯುವುದು, ಚಹಾದಲ್ಲಿ ಅದ್ದುವುದು ಶಿಕ್ಷಾರ್ಹ. ಇಲ್ಲಿ ತಾಯಿಯೊಬ್ಬಳು ಮಗನಿಗಾಗಿ ಕಾಯುತ್ತಿರುತ್ತಾಳೆ (ಸೋಮವಾರ ರಜೆ)."

ಮರುದಿನವೇ ಮದಿಯಾರ್ ಬಂದ. ಅಕ್ಕ ಅವನ ಕೈ ಹಿಡಿದುಕೊಂಡೇ ಕಚೇರಿಗೆ ಹೋದಳು. ಜೀಪು ನನ್ನದು, ಅಂದರೆ ಭಾವಮೈದುನನದು.

"ಸಾಹೇಬ್ರೇ, ಮಗ ಬಂದಿದಾನೆ. ಬೀಗದ ಕೈ ಕೊಡಿ, ರೊಟ್ಟಿ ತಿಂದ್ಬಿಡ್ಲಿ."

"ಬಂದಿದಾನೆ ಅಂತ ಹೆಂಗ್ ಹೇಳ್ತೀರಮ್ಮಾ? ರೊಟ್ಟಿ ಮುಗಿಸಿದಾನಾ?"

"ನೀವು ಬೀಗ ಹಾಕಿದೀರಲ್ಲ!"

"ಅಂದ್ರೆ ಮುಗಿಸಿಲ್ಲ. ನಿಮ್ಮ ಪದ್ಧತಿ ಪ್ರಕಾರಾನೇ ಇನ್ನೂ ಬಂದಿಲ್ಲ. ನಾವು ಪದ್ಧತಿ ಕಾಪಾಡೋರು ತಾಯೀ, ಮುರಿಯೋರಲ್ಲ."

"ಇಲ್ಲೇ ನಿಂತಿದಾನಲ್ರೀ, ಕಣ್ಣು ಕಾಣಲ್ವಾ?"

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರಪ್ಪಾ ನೀನು, ಪ್ರವಾಸಿಯಾ?" ಎಂದರು. ಮೇಲಿನವರು ಏನು ಕೇಳಿದರೂ ಹೌದೆನ್ನುವುದನ್ನು ಸೈನ್ಯದಲ್ಲಿ ಕಲಿತಿದ್ದ ಹುಡುಗ ಹೌದೆಂದ. ಟಿಕೆಟ್ ಹರಿದು ಕೊಟ್ಟರು.

ಅಂದಿನಿಂದ ಮದಿಯಾರ್ ತನ್ನ ಮನೆಯಲ್ಲೇ ಪ್ರವಾಸಿಗರ ಬೆಂಚಿನ ಮೇಲೆ ಕೂರತೊಡಗಿದ. ಪಕ್ಕದಲ್ಲಿ ಕೂತ ತಾಯಿ ಅವನಿಗಾಗಿ ಅಳುತ್ತಿದ್ದಳು. ಅವನು ಮೆಚ್ಚಿದ ಹುಡುಗಿ ಗುಲಾಯಿಮ್‌ಗೆ ಕಲ್ಲಂಗಡಿ ವ್ಯಾಪಾರಿಯೊಬ್ಬನ ಕಡೆಯಿಂದ ಸಂಬಂಧ ಬಂತು. ಅವಳ ಅಪ್ಪ ಮದಿಯಾರ್ ಜೊತೆಗೇ ಪುಲಾವ್ ತಿನ್ನುತ್ತಾ ನನಗೆ, "ಒಳ್ಳೇ ಹುಡುಗ ಕಣಪ್ಪಾ ನಿಮ್ಮ ಮದಿಯಾರ್. ಬೇಗ ಬಂದಿದ್ರೆ ಚೆನ್ನಾಗಿತ್ತು. ಕಲ್ಲಂಗಡಿ ಕೊಯ್ಲಾಗೋ ತನಕ ಕಾದು ನೋಡ್ತೀನಿ" ಎಂದ.

ಅಕ್ಕ ನನ್ನ ತೋಳು ಹಿಡಿದಳು. "ಪಲ್ವಾನ್, ನಿನ್ನ ತಲೆ ತುಂಬಾ ಬರೀ ಕಿತಾಪತಿ. ಒಂದ್ಸಲನಾದ್ರೂ ಉಪಯೋಗಕ್ಕೆ ಬರ್ಲಿ."

"ಅಂಥದ್ದೇ ಇನ್ನೊಂದು ರೊಟ್ಟಿ ಸುಡಕ್ಕಾ. ಬಿಸಿಲಿಗೆ ಒಣಗಿಸು."

ಸೋಮವಾರ ಗಾಜಿನ ಪೆಟ್ಟಿಗೆಯ ಬಳಿ ಹೋದೆವು. ಬೀಗ ಕಚೇರಿಯದಾದ್ದರಿಂದ ಚಮಚದ ಹಿಡಿಗೇ ತೆರೆದುಕೊಂಡಿತು. ಮದಿಯಾರ್ ಹಳೆಯ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ನೆನೆಸಿ, ಚೂರೂ ಬಿಡದೆ ತಿಂದ. ಅಕ್ಕ ಅತ್ತಳು. ರಜೆಯ ದಿನ, ನೋಡುವವರಿಲ್ಲದೆ.

ಹೊಸ ರೊಟ್ಟಿಗೆ ಒಂದು ಕಚ್ಚು ಬೇಕಿತ್ತಲ್ಲ? ಮದಿಯಾರ್ ಕಚ್ಚಿದರೆ ಮತ್ತೆ ಊರು ಬಿಟ್ಟ ಲೆಕ್ಕ. ನಾನು ಕಚ್ಚಿದೆ.

ರೊಟ್ಟಿ ಮುಗಿಯಿತೆಂದು ತಿಳಿದು ಗುಲಾಯಿಮ್‌ಳ ಅಪ್ಪ ಒಪ್ಪಿದ, ಮದುವೆ ಆಯಿತು. ಅದೇ ವಾರ ರಾಜಧಾನಿಯಿಂದ ಬಂದ ವಿದ್ವಾಂಸರೊಬ್ಬರು ರೊಟ್ಟಿಯ ಕಚ್ಚಿಗೆ ಭೂತಗನ್ನಡಿ ಹಿಡಿದು, "ಕಚ್ಚಿದವನಿಗೆ ಮುಂದಿನ ಹಲ್ಲೇ ಇಲ್ಲ!" ಎಂದು ಉದ್ಗರಿಸಿದರು. ಸಾಹೇಬರು ಮದುಮಗನ ತುಂಬಿದ ಹಲ್ಲಿನ ಸಾಲು ನೋಡಿದರು. ಆಮೇಲೆ, ನಗುತ್ತಿದ್ದ ನನ್ನನ್ನು ನೋಡಿದರು.

"ಬಾಯಿ ಮುಚ್ಚೋ," ಎಂದರು ಮೆಲ್ಲಗೆ. "ಕಚ್ಚಿದೋನು ನೀನು. ರೊಟ್ಟಿ ಮುಗಿಸಿಲ್ಲ. ಹಾಗಾಗಿ ನೀನು ಊರಲ್ಲಿಲ್ಲ."

"ಸಾಹೇಬ್ರೇ, ಮುಗಿಸ್ಬಿಡ್ಲಾ?"

"ಸ್ಮಾರಕ ಕಣೋ ಅದು!"

ಪ್ರಕಟಣೆ ತಿದ್ದುಪಡಿಯಾಯಿತು: "ಹೋದವನಿಗೆ ಮುಂದಿನ ಹಲ್ಲು ಇರಲಿಲ್ಲವೆಂದು ಸಂಶೋಧನೆಯಿಂದ ದೃಢಪಟ್ಟಿರುತ್ತದೆ." ನನಗಾಗಿ ಕಾದು ಅಳುವ ಕೆಲಸವನ್ನು ಮೊದಲು ನನ್ನ ಹೆಂಡತಿಗೆ ವಹಿಸಿದ್ದರು. ಅವಳಿಗೆ ನಗು ತಡೆಯಲಾಗಲಿಲ್ಲ. ಆದ್ದರಿಂದ ಉಲ್ಬೋಸಿನ್ ಅಕ್ಕನೇ ಸೊಸೆಯ ಜೊತೆ ಈರುಳ್ಳಿ ಹೆಚ್ಚುತ್ತಾ ಸಂಬಳಕ್ಕೆ ಅಳುತ್ತಾಳೆ. ಪ್ರವಾಸಿಗರೂ ಅಳುತ್ತಾರೆ. ಅವರನ್ನು ಜೀಪಿನಲ್ಲಿ ಕರೆತರುವವನು ಈಗಲೂ ನಾನೇ. ಊರಿನವರು ಎದುರು ಸಿಕ್ಕರೆ, "ಪಲ್ವಾನ್ ಯಾವಾಗ ಬರ್ತಾನಂತೆ?" ಎಂದು ನನ್ನನ್ನೇ ಕೇಳುತ್ತಾರೆ. ತಿಳಿದಿಲ್ಲ ಎನ್ನುತ್ತೇನೆ.

ಎರಡು ಬಟ್ಟಲು ಚಹಾ ಆಯಿತಲ್ಲವೇ? ಊರಲ್ಲಿಲ್ಲದವನ ಕೈಯಿಂದ ಈ ಅಂಗಡಿಯವನು ದುಡ್ಡು ತೆಗೆದುಕೊಳ್ಳುವುದಿಲ್ಲ. ನೀವೇ ಕೊಟ್ಟುಬಿಡಿ.