ಹೊಟ್ಟೆ ಕರಗಿಸುವ ಅಗ್ಗದ ದಾರಿ

ಡಾಕ್ಟರು ನನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿ, "ಎಂಟು ಕೆ.ಜಿ. ಇಳಿಸಲೇಬೇಕು" ಎಂದರು. ಕಲ್ಲಂಗಡಿ ಕೊಳ್ಳುವವರೂ ಅಷ್ಟು ನಿರ್ದಯವಾಗಿ ತಟ್ಟುವುದಿಲ್ಲ. ಇಪ್ಪತ್ತೆರಡು ವರ್ಷ ವಿಮಾ ಕಚೇರಿಯ ಕುರ್ಚಿಯಲ್ಲಿ ಕುಳಿತು ನಾನು ಸಂಪಾದಿಸಿದ್ದು ಆ ಹೊಟ್ಟೆಯೊಂದನ್ನೇ. (ಉಳಿದ ಸಂಪಾದನೆ ಹೆಂಡತಿಯ ವಶದಲ್ಲಿದೆ.)

ದುಡ್ಡು ಸುರಿದು ಬೆಳೆಸಿದ ಬೊಜ್ಜನ್ನು ಕರಗಿಸುವುದಕ್ಕೂ ದುಡ್ಡೇ ಸುರಿಯಬೇಕೆ? ಭಾನುವಾರ ಊಟದ ಮೇಜಿನ ಮೇಲೆ ಹಾಳೆ ಹರಡಿ ತುಲನಾತ್ಮಕ ಅಧ್ಯಯನಕ್ಕೆ ಕುಳಿತೆ. ಜಿಮ್ಮಿಗೆ ವರ್ಷಕ್ಕೆ ಹದಿನೆಂಟು ಸಾವಿರ. ಮನೆಯಲ್ಲೇ ಓಡುವ ಯಂತ್ರಕ್ಕೆ ನಲವತ್ತು ಸಾವಿರ, ಮೇಲೆ ಕರೆಂಟು. ಮನೆಗೇ ಬಂದು ಬೈದು ಬೆವರಿಳಿಸುವ ತರಬೇತುದಾರನಿಗೆ ತಿಂಗಳಿಗೆ ಆರು ಸಾವಿರ.

"ಬೈಯೋದಕ್ಕೆ ಆರು ಸಾವಿರಾನಾ?" ಹೆಂಡತಿ ಹಾಳೆಗೆ ಇಣುಕಿದಳು. "ಇಷ್ಟು ವರ್ಷ ನಾನು ಪುಕ್ಕಟೆ ಮಾಡಿಬಿಟ್ನಲ್ಲ."

ನಡಿಗೆಗೆ ಮಾತ್ರ ಬಿಡಿಗಾಸಿನ ಖರ್ಚಿಲ್ಲ. ಕಾಲು ನನ್ನದು, ರಸ್ತೆ ಸರ್ಕಾರದ್ದು.

"ಆ ಹಳೇ ಚಪ್ಪಲೀಲಿ ಹೋಗಬೇಡಿ, ಒಂದು ಜೊತೆ ಶೂ ತಗೊಳ್ಳಿ" ಎಂದಳು.

"ಶೂ ತಗೊಂಡ್ರೆ ಅದು ಪುಕ್ಕಟೆ ಹೇಗಾಗುತ್ತೆ?"

ಮೂರನೆಯ ಬೆಳಗ್ಗೆ ಬೀದಿಯ ತಿರುವಿನಲ್ಲಿ ಒಂದು ನಾಯಿ ನನ್ನ ನಡಿಗೆಗೆ ಓಟದ ಬಡ್ತಿ ಕೊಟ್ಟಿತು. ಚಪ್ಪಲಿಯ ಉಂಗುಷ್ಠ ಕಿತ್ತು, ನಾನು ಚರಂಡಿಯಂಚಿನಲ್ಲಿ ಸಾಷ್ಟಾಂಗ ಬಿದ್ದೆ. ನಾಯಿ ಹತ್ತಿರ ಬಂದು ಮೂಸಿ, ಹುರುಳಿಲ್ಲದ ಆಸಾಮಿ ಎಂದುಕೊಂಡು ಹೊರಟುಹೋಯಿತು. ಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಎಕ್ಸ್‌ರೇ, ಪ್ಲಾಸ್ಟರು, ಊರುಗೋಲು ಸೇರಿ ಇಪ್ಪತ್ತೊಂದು ಸಾವಿರ. ಅಂದರೆ ನನ್ನ ಪುಕ್ಕಟೆ ನಡಿಗೆ ದಿನಕ್ಕೆ ಏಳು ಸಾವಿರದಂತೆ ಬಿತ್ತು.

ಆರು ವಾರ ಮಂಚವೇ ಗತಿ. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ. ಹಾಲು, ತರಕಾರಿ, ಔಷಧಿ ಎಲ್ಲಕ್ಕೂ ಹೆಂಡತಿಯೇ ಹತ್ತಿ ಇಳಿದಳು. ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ನಾನು, "ಇವಳೇ, ಪೇಪರ್ ಬಂತಾ ನೋಡು", "ಇವಳೇ, ಬಿಸ್ಕತ್ತು ಮುಗೀತು" ಎನ್ನುತ್ತಿದ್ದೆ.

ಪ್ಲಾಸ್ಟರು ಬಿಚ್ಚಿದ ಮೇಲೆ ಇಬ್ಬರೂ ಡಾಕ್ಟರ ಬಳಿ ಹೋದೆವು. ತೂಕದಲ್ಲಿ ನಾನು ಮೂರು ಕೆ.ಜಿ. ಮುಂದುವರಿದಿದ್ದೆ. ಸುಮ್ಮನೆ ಯಂತ್ರ ಹತ್ತಿದ ಹೆಂಡತಿ ಆರು ಕೆ.ಜಿ. ಇಳಿದಿದ್ದಳು. ಡಾಕ್ಟರು ಅವಳ ಹಳೆಯ ಚೀಟಿಯನ್ನು ಮತ್ತೆ ಮತ್ತೆ ನೋಡಿದರು.

"ಯಾವ ಜಿಮ್ಮಿಗೆ ಹೋಗ್ತಿದ್ದೀರಮ್ಮ?"

"ಜಿಮ್ಮು ಗಿಮ್ಮು ಏನಿಲ್ಲ ಡಾಕ್ಟ್ರೇ. ಇವರು ಮಲಗಿದ್ರು, ಅಷ್ಟೇ."

ಡಾಕ್ಟರು ನನ್ನ ಕಡೆ ತಿರುಗಿದರು. "ಕಾಲು ಗಟ್ಟಿಯಾದ ಮೇಲೆ ಅವರು ಕೂತ್ಕೊಳ್ಳಲಿ, ನೀವು ಓಡಾಡಿ. ದಿನಕ್ಕೆ ನಾಲ್ಕು ಸಲ ಹತ್ತಿಳೀಬೇಕು."

ಎರಡು ತಿಂಗಳಾಯಿತು. ನಿನ್ನೆ ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತಾ ಒಳಗೆ ಬಂದೆ. ಅವಳು ನನ್ನ ಕುರ್ಚಿಯಲ್ಲಿ ಕಾಲು ಚಾಚಿ, ನನ್ನ ಪೇಪರ್ ಓದುತ್ತಿದ್ದಳು. ಚೀಲವನ್ನು ನಿಧಾನವಾಗಿ ಕೆದಕಿ, "ಉಪ್ಪು ಹೇಳೋದು ಮರೆತೇ ಹೋಯ್ತು ನೋಡಿ" ಎಂದಳು.

"ಬೇಕಂತಲೇ ಮರೀತೀಯ ನೀನು."

"ಇದು ಎರಡನೇ ಸಲ ಅಷ್ಟೇ. ಇನ್ನೂ ಎರಡು ಬಾಕಿ ಇದೆ."

ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದೆ. ಪೇಪರಿನ ಅಂಚಿನಲ್ಲಿ ಅವಳು ಏನನ್ನೋ ಗೀಚುತ್ತಿದ್ದಳು. ನಾಳೆ ಏನೇನು ಮರೆಯಬೇಕು ಎಂಬುದರ ಪಟ್ಟಿ.