ಹನ್ನೆರಡು ಸಾಲಿಗೆ ಇನ್ನೂರ ಹದಿಮೂರು ತಪ್ಪು

ಹೆಂಡತಿ: ನಾನು ಬರೆದಿರೋದೇ ಹನ್ನೆರಡು ಸಾಲು. ಅದರಲ್ಲಿ ಇನ್ನೂರ ಹದಿಮೂರು ತಪ್ಪು ಎಲ್ಲಿ ಹಿಡಿಯತ್ರೀ? ಸಾಲಿಗೆ ಹದಿನೆಂಟು ತಪ್ಪು ಮಾಡೋಕೆ ಬೇರೆ ವಿದ್ಯೆನೇ ಬೇಕು.

ಗಂಡ: ನಾನು ಹೇಳ್ತಿಲ್ಲ ಕಣೇ, ಮರ ಹೇಳ್ತಿದೆ.

ಇಬ್ಬರಿಗೂ ಒಂದೇ ಆಫೀಸು, ಅಕ್ಕಪಕ್ಕದ ಮೇಜು. ಅವಳು ಪ್ರೋಗ್ರಾಮು ಬರೆಯುವವಳು, ಅವನು ಬರೆದದ್ದನ್ನು ಪರೀಕ್ಷೆ ಮಾಡುವವನು. ಅದಕ್ಕೆಂದೇ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಸಿದ್ಧ ಭಾಗಗಳ ಲೈಬ್ರರಿಯೊಂದನ್ನು ಹಿಡಿದು ಒಂದು ಸಾಧನ ಕಟ್ಟಿದ್ದ. ಪ್ರೋಗ್ರಾಮು ಕೊಟ್ಟರೆ ಅದು ಸೊಪ್ಪು ಬಿಡಿಸಿದ ಹಾಗೆ ಪದ ಪದ ಬಿಡಿಸಿ, ಯಾವುದು ಯಾವುದರ ಕೆಳಗೆ ಎಂದು ಜೋಡಿಸಿ, ಬೇರು ಮೇಲೆ ಕೊಂಬೆ ಕೆಳಗೆ ಮಾಡಿ ಒಂದು ಮರ ನಿಲ್ಲಿಸುತ್ತಿತ್ತು. ಆಮೇಲೆ ಕೊಂಬೆ ಕೊಂಬೆಗೂ ಇಳಿದು ತಪ್ಪು ಎಣಿಸುತ್ತಿತ್ತು. ತಪ್ಪಿಲ್ಲ ಎಂದು ಅದು ಹೇಳುವ ತನಕ ಅವಳಿಗೆ ರಜೆಯಿಲ್ಲ. ನಾಳೆ ಬೆಳಿಗ್ಗೆ ಅವಳ ತಾಯಿಗೆ ಕಣ್ಣಿನ ಆಪರೇಷನ್ನು.

ಹೆಂಡತಿ: ತಲೆಕೆಳಗಾಗಿ ನಿಲ್ಲಿಸಿದ್ರೆ ಯಾವ ಮರ ತಾನೆ ಒಳ್ಳೇ ಮಾತಾಡತ್ತೆ?

ಗಂಡ: ಹೆಂಡತಿ ಅಂತ ಬಿಟ್ಟುಕೊಟ್ರೆ ನಾಲ್ಕು ಜನ ಏನಂತಾರೆ?

ಹೆಂಡತಿ: ಮನೇಲೂ ಏನೂ ಬಿಟ್ಟುಕೊಟ್ಟಿಲ್ಲ, ಬಿಡಿ. ಆ ಮರದಲ್ಲಿ ಕೊಂಬೆ ಎಷ್ಟಿದೆ?

ಗಂಡ: ಎಂಬತ್ತು ಸಾವಿರ.

ಹೆಂಡತಿ: ಹನ್ನೆರಡು ಸಾಲಿಗೆ?

ಗಂಡ: ಸೊಂಪಾಗಿ ಬೆಳೆದಿದೆ.

ಹೆಂಡತಿ: ನನ್ನ ಮೊದಲ್ನೇ ಸಾಲು ಓದಿ.

ಗಂಡ: ಆಫೀಸಿನ ಹಳೇ ಫೈಲನ್ನ ಇಲ್ಲಿ ಸೇರಿಸ್ಕೋ ಅಂತಿದೆ. ಅದನ್ನ ಎಲ್ಲರೂ ಸೇರಿಸ್ಕೋತಾರಲ್ಲ.

ಹೆಂಡತಿ: ನಿಮ್ಮ ಲೈಬ್ರರಿ ಅದನ್ನೂ ಓದಿ, ತಂದು ನನ್ನ ಮರಕ್ಕೇ ಕಟ್ಟಿದೆ. ಬಂದ ನೆಂಟರು ಲೋಟ ಒಡೆದ್ರೆ ನಾನ್ಯಾಕ್ರೀ ಬೈಸ್ಕೋಬೇಕು?

ಗಂಡ ಕೀಲಿಮಣೆ ಎಳೆದುಕೊಂಡ. ಒಂದೊಂದು ತಪ್ಪಿನ ಮುಂದೆಯೂ ಅದು ಯಾವ ಫೈಲಿನದು ಎಂದು ಬರೆಯಿಸಿದ. ಅವಳ ಹನ್ನೆರಡು ಸಾಲಿನಲ್ಲಿ ತಪ್ಪು ಸೊನ್ನೆ. ಇನ್ನೂರ ಹದಿಮೂರೂ ಆ ಹಳೇ ಫೈಲಿನವು. ಅದರ ತಲೆಯಲ್ಲಿ ಬರೆದವರ ಹೆಸರಿತ್ತು. ಮ್ಯಾನೇಜರರ ಹೆಸರು.

ಹೆಂಡತಿ: ಈಗ ನಿಜ ಹೇಳ್ತೀರೋ, ಕೆಲಸ ಉಳಿಸ್ಕೋತೀರೋ?

ಗಂಡ: ಎರಡೂ ಬೇಡ. ಜ್ವರ ಅಂತ ಮನೆಗೆ ಹೋಗ್ತೀನಿ.

ಅಷ್ಟರಲ್ಲಿ ಮ್ಯಾನೇಜರೇ ಬಂದು ಅವನ ಹೆಗಲ ಮೇಲಿಂದ ಪರದೆಗೆ ಬಗ್ಗಿದರು. ಕಣ್ಣಿಗೆ ಬಿದ್ದ ತಪ್ಪಿನ ಸಾಲುಗಳನ್ನು ಓದುತ್ತ ಓದುತ್ತ ಮೂಗು ಮುರಿದರು.

ಮ್ಯಾನೇಜರ್: ಏನ್ರೀ ಇದು, ಒಂದರ ಹೊಟ್ಟೇಲಿ ಇನ್ನೊಂದು, ಹದಿನೇಳು ಷರತ್ತು. ಇದನ್ನ ಬರೆದವನಿಗೆ ಇಲ್ಲಿ ಕೆಲಸ ಕೊಟ್ಟ ಪುಣ್ಯಾತ್ಮ ಯಾರು?



ಹೆಂಡತಿ: ಗೊತ್ತಿಲ್ಲ ಸಾರ್. ನಾವು ಸೇರೋ ಹೊತ್ತಿಗೆ ನೀವು ಆಗಲೇ ಇಲ್ಲಿದ್ರಿ.

ಮ್ಯಾನೇಜರು ಫೈಲಿನ ತಲೆಗೆ ಹೋದರು. ಹೆಸರು ಓದಿದರು. ಕನ್ನಡಕ ತೆಗೆದು, ಒರೆಸಿ, ಇನ್ನೊಮ್ಮೆ ಓದಿದರು.

ಮ್ಯಾನೇಜರ್: ರಜೆ ಎಷ್ಟು ದಿನ ಕೇಳಿದ್ರಮ್ಮ?

ಹೆಂಡತಿ: ಎರಡು ದಿನ ಸಾರ್.

ಮ್ಯಾನೇಜರ್: ಒಂದು ವಾರ ಇದ್ದು ಬನ್ನಿ. ಹೆತ್ತ ತಾಯಿ ಅಂದ್ರೆ ಸುಮ್ನೇನಾ? ಯಜಮಾನ್ರನ್ನೂ ಕರ್ಕೊಂಡು ಹೋಗಿ. ಹೊರಡೋಕೆ ಮುಂಚೆ ಆ ಮರ ಒಂದು ಕಡಿದು ಹೋಗೋಕೆ ಹೇಳಿ.